ಕೊಟ್ಟ ಮಗು, ಕೊಡದ ಮಗು

ಹೋದ ವರ್ಷ ಭಾದ್ರಪದದಲ್ಲಿ ತಂಗಿಯ ಮನೆಗೆಂದು ಹೊಸದುರ್ಗಕ್ಕೆ ಹೊರಟಿದ್ದೆ. ಅಜ್ಜಂಪುರದಲ್ಲಿ ಬಸ್ಸಿನ ಟಯರು ಪಂಕ್ಚರಾಗಿ ಎಲ್ಲರೂ ಕೆಳಗಿಳಿಯಬೇಕಾಯಿತು. ಮಳೆ ಆಗಷ್ಟೇ ಬಿಟ್ಟಿತ್ತು. ರಸ್ತೆಯ ಪಕ್ಕ ಯಾರೋ ಸುರಿದು ಹೋಗಿದ್ದ ಈರುಳ್ಳಿಯ ರಾಶಿ ನೆನೆದು ಕೊಳೆಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿಯುತ್ತಲೇ ನಾನು ಬಸ್ಸಿಗೆ ಒರಗಿ ನಿಂತೆ. ಪಕ್ಕದಲ್ಲಿದ್ದ ಹೆಂಗಸು, "ಯಾಕಮ್ಮ, ತಲೆ ಸುತ್ತುತಾ?" ಎಂದು ಕೇಳಿದಳು. ಇಲ್ಲ ಎಂದೆ. ನನಗೀಗ ಅರವತ್ತು ದಾಟಿ ಬಹಳ ವರ್ಷಗಳಾಗಿವೆ. ಆದರೂ ಆ ವಾಸನೆಗೆ ನಾನು ಇಪ್ಪತ್ತಮೂರರ ಸುಲೋಚನಾ ಟೀಚರ್ ಆಗಿಬಿಡುತ್ತೇನೆ. ಕಣ್ಣು ತಾನಾಗಿಯೇ ಬೀದಿಯ ಕೊನೆಯಲ್ಲಿ ಒಂದು ಕಪ್ಪು ಛತ್ರಿಯನ್ನು ಹುಡುಕುತ್ತದೆ.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ಕಡೂರಿನವಳಾದ ನನಗೆ ಅಜ್ಜಂಪುರದ ಪ್ರಾಥಮಿಕ ಶಾಲೆಗೆ ಮೊದಲ ಪೋಸ್ಟಿಂಗ್ ಆಗಿತ್ತು. ಗೌರಕ್ಕ ಎಂಬ ವಿಧವೆಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೌರಕ್ಕನಿಗೆ ಊರಾಚೆ ನಾಲ್ಕೆಕರೆ ಎರೆಹೊಲ. ಮಕ್ಕಳಿರಲಿಲ್ಲ. ಮಾತು ಕಡಿಮೆ, ನೋಟ ಚುರುಕು.

ಆ ಜೂನ್‌ನಲ್ಲಿ ಮೂರು ದಿನದ ತರಬೇತಿಗೆಂದು ತರೀಕೆರೆಗೆ ಹೋಗಿದ್ದೆ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಬೆಂಚಿನ ಕೆಳಗೆ ಒಬ್ಬ ಹುಡುಗ ಮುದುರಿಕೊಂಡು ಮಲಗಿದ್ದ. ಎಂಟು ವರ್ಷವಿರಬಹುದು. ಮೈಯೆಲ್ಲ ಕೆಸರು. ಇಡ್ಲಿ ಕೊಡಿಸಿದೆ. ಹೆಸರು ಕೇಳಿದರೆ "ಮಂಜ" ಎಂದ. ಊರು ಕೇಳಿದರೆ ತಲೆ ತಗ್ಗಿಸಿದ. ಬಸ್ಸು ಹತ್ತಿದಾಗ ಅವನೂ ಹತ್ತಿ ನನ್ನ ಪಕ್ಕ ಕೂತ. ಇಳಿಸಲು ಮನಸ್ಸಾಗಲಿಲ್ಲ. ಬಸ್ಸು ಹೊರಡುವ ಮೊದಲು ಇಳಿದು ಟೀ ಅಂಗಡಿಯವನಿಗೆ ನನ್ನ ಹೆಸರು, ಶಾಲೆ ಹೇಳಿ, "ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಕಳಿಸಿ" ಎಂದಿದ್ದೆ.

ಮೂರನೆಯ ದಿನ ಒಬ್ಬಾತ ಬಂದ. ಐವತ್ತರ ಆಸುಪಾಸು, ಒಗೆದ ಬಿಳಿ ಪಂಚೆ, ತೋಳಿಗೆ ನೇತುಹಾಕಿದ ಕಪ್ಪು ಛತ್ರಿ. ಹೆಸರು ಸಿದ್ದಪ್ಪ, ಊರು ಸಖರಾಯಪಟ್ಟಣ ಎಂದ. ಮಂಜ ಅವನ ಅಕ್ಕನ ಮಗನಂತೆ, ಬೈದದ್ದಕ್ಕೆ ಮನೆ ಬಿಟ್ಟು ಓಡಿ ಬಂದಿದ್ದಾನಂತೆ. "ನಮ್ಮಕ್ಕ ಮೂರು ದಿನದಿಂದ ಬಾಯಿಗೆ ನೀರು ಹಾಕಿಲ್ಲ ತಾಯಿ" ಎಂದು ಕೈ ಮುಗಿದ. ಮಂಜ ಬಾಗಿಲ ಸಂದಿಯಲ್ಲಿ ನಿಂತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಬೈಸಿಕೊಳ್ಳುತ್ತೇನೆಂದು ಹೆದರಿದ್ದಾನೆ ಎಂದುಕೊಂಡೆ. ಸಿದ್ದಪ್ಪನಿಂದ ಒಂದು ಚೀಟಿಯಲ್ಲಿ ವಿಳಾಸ ಬರೆಸಿಕೊಂಡು, ಹುಡುಗನ ತಲೆ ಬಾಚಿ, ನಾನೇ ಅವನ ಕೈಯನ್ನು ಆ ಕೈಗೆ ಕೊಟ್ಟೆ. ಮಾರನೆಯ ದಿನ ಹೆಡ್ ಮೇಷ್ಟ್ರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಹೊಗಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು.

ಗೌರಕ್ಕ ಮಾತ್ರ ಸಂಜೆ ಕಸ ಗುಡಿಸುತ್ತಾ ಹೇಳಿದಳು: "ಮಾವನ್ನ ನೋಡಿದ ಮಗ ಅಳ್ಬೇಕು, ಇಲ್ಲ ಓಡ್ಬೇಕು. ಇವನು ಸುಮ್ಕೆ ಹೋದ್ನಲ್ಲೇ."

ಆ ಮಾತು ನನಗೆ ಹಿಡಿಸಲಿಲ್ಲ. ಒಂದು ತಿಂಗಳು ಬಿಟ್ಟು ಸಖರಾಯಪಟ್ಟಣದ ವಿಳಾಸಕ್ಕೆ ಕಾಗದ ಬರೆದೆ. ಮಂಜನನ್ನು ಶಾಲೆಗೆ ಸೇರಿಸಿದಿರಾ ಎಂದು ಕೇಳಿದ್ದೆ. ಶ್ರಾವಣದ ಜಿಟಿ ಮಳೆಯಲ್ಲಿ ಪೋಸ್ಟ್ ಮಾಸ್ತರು ತಾವೇ ಶಾಲೆಯವರೆಗೆ ನಡೆದು ಬಂದು ಆ ಕಾಗದವನ್ನು ವಾಪಸು ಕೊಟ್ಟರು. ಅವರು ನಿವೃತ್ತಿಯ ಅಂಚಿನಲ್ಲಿದ್ದ, ಕೆಮ್ಮುತ್ತಲೇ ಮಾತಾಡುವ ಮನುಷ್ಯ. ಲಕೋಟೆಯ ಮೇಲೆ 'ಈ ಹೆಸರಿನವರು ಇಲ್ಲ' ಎಂದು ಬರೆದಿತ್ತು.

"ಬೀದಿ ಹೆಸರೂ ಇಲ್ವಂತಮ್ಮ ಅಲ್ಲಿ. ವಿಚಾರಿಸಿದೆ" ಎಂದರು.

ಅಂದಿನಿಂದ ನನಗೆ ನೆಟ್ಟಗೆ ನಿದ್ದೆ ಬರಲಿಲ್ಲ. ತರೀಕೆರೆಗೆ ಹೋಗಿ ಟೀ ಅಂಗಡಿಯವನನ್ನು ಕೇಳಿದೆ. ಛತ್ರಿಯವನು ಆಗಾಗ ಬಂದು ಕೂರುತ್ತಿದ್ದನೆಂದ, ಯಾರೆಂದು ತಿಳಿಯದು ಎಂದ. ಸಖರಾಯಪಟ್ಟಣದಲ್ಲಿ ತೆಂಗಿನ ತೋಟಗಳ ನಡುವೆ ಮನೆ ಮನೆ ಸುತ್ತಿದೆ. ಅಂಥ ಅಕ್ಕ ಎಲ್ಲೂ ಇರಲಿಲ್ಲ. ನಾನು ಯಾರಿಗೆ ಏನನ್ನು ಕೊಟ್ಟೆ ಎಂಬುದು ಆ ಊರಿನ ಕಟ್ಟೆಯ ಮೇಲೆ ಕೂತಾಗ ಮೊದಲ ಸಲ ಪೂರ್ತಿಯಾಗಿ ಅರ್ಥವಾಯಿತು. ಪೊಲೀಸರಿಗೆ ಬರೆದುಕೊಟ್ಟೆ. ಬರೆದುಕೊಂಡರು.

ಭಾದ್ರಪದಕ್ಕೆ ಈರುಳ್ಳಿ ಕೀಳುವುದು ಶುರುವಾಯಿತು. ಆ ವರ್ಷ ಕಿತ್ತ ಮೇಲೂ ಮಳೆ ನಿಲ್ಲಲಿಲ್ಲ. ಹೊಲದಲ್ಲಿ, ಜಗುಲಿಯಲ್ಲಿ, ರೈಲ್ವೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಮುಂದೆ ಎಲ್ಲೆಲ್ಲೂ ರಾಶಿ. ರಾಶಿಯ ಒಳಗಿಂದ ಕೊಳೆ ಹತ್ತಿ ಊರಿಗೆ ಊರೇ ನಾರುತ್ತಿತ್ತು. ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಗಡ್ಡೆಯ ಮೇಲಿನ ಒಣ ತಾಳು ಕೊಯ್ದು, ಕೊಳೆತದ್ದನ್ನು ಬೇರೆ ಮಾಡುತ್ತಿದ್ದರು. ಯಾರಿಗೂ ಯಾರ ಕಡೆಗೂ ನೋಡಲು ಪುರುಸೊತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಗೌರಕ್ಕ ತನ್ನ ಮೂಟೆ ಇಳಿಸಲು ಸ್ಟೇಷನ್ನಿಗೆ ಹೋದವಳು ಒಂದು ಹೆಣ್ಣುಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಆರೇಳು ವರ್ಷ. ಈರುಳ್ಳಿ ಮೂಟೆಗಳ ಸಂದಿಯಲ್ಲಿ ಕೂತು ಹಸಿ ಈರುಳ್ಳಿ ಕಚ್ಚುತ್ತಿದ್ದಳಂತೆ.

"ಏನ್ ಹೆಸ್ರು ಪುಟ್ಟಿ?" ಎಂದೆ. ಉತ್ತರವಿಲ್ಲ. ಮೂರು ಸಲ ಕೇಳಿದ ಮೇಲೆ ಮುಖ ಎತ್ತಿ, "ಹನಮವ್ವರಿ" ಎಂದಳು.

ಆ ಮಾತಿನಿಂದಲೇ ಇವಳು ನಮ್ಮ ಸೀಮೆಯವಳಲ್ಲ, ಬಡಗಣ ಕಡೆಯವಳು ಎಂದು ತಿಳಿಯಿತು. ಒಂದೊಂದೇ ಮಾತು ಹೊರಬರಲು ನಾಲ್ಕು ದಿನ ಹಿಡಿಯಿತು. ಊರು ಸಂಗಾಪುರ. "ನಮ್ಮಪ್ಪ ಹರಗೋಲ ಹಾಕ್ತಾನ್ರಿ ಹೊಳ್ಯಾಗ." ನಾಟಿ ಕೆಲಸಕ್ಕೆಂದು ತಾಯಿಯ ಜೊತೆ ದಾವಣಗೆರೆಗೆ ಹೊರಟಿದ್ದಳು. "ಹರಿಹರದಾಗ ಅವ್ವ ನೀರ ತರಾಕ ಇಳದ್ಳು. ಗಾಡಿ ಹೊಂಟತು. ಅವ್ವ ಓಡಿ ಬಂದ್ಳು, ಸಿಗಲಿಲ್ಲ." ಅಷ್ಟು ಹೇಳಿ ಗೌರಕ್ಕನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಪೋಸ್ಟ್ ಮಾಸ್ತರು ತಮ್ಮ ದಪ್ಪ ಪುಸ್ತಕ ತೆಗೆದು ಹುಡುಕಿದರು. ಸಂಗಾಪುರಗಳು ನಾಲ್ಕಿದ್ದವು. "ಹರಗೋಲು ಅಂದ್ರೆ ದೊಡ್ಡ ಹೊಳೆ ಇರ್ಬೇಕು. ತುಂಗಭದ್ರೆ ಕಡೆಯದೇ ಇರುತ್ತೆ. ಆದ್ರೂ ನಾಲ್ಕಕ್ಕೂ ಹಾಕೋಣ" ಎಂದರು. ನಾಲ್ಕು ಕಾರ್ಡು ಬರೆದೆ. ಕಾರ್ಡು ತೆರೆದ ಕಾಗದ, ಯಾರು ಬೇಕಾದರೂ ಓದಬಹುದು ಎಂಬುದು ಆಗ ಹೊಳೆಯಲಿಲ್ಲ. ಹಾಗೆ ನೋಡಿದರೆ ಕಾರ್ಡು ಓದುವ ಅಗತ್ಯವೂ ಇರಲಿಲ್ಲ. ಊರಿನ ಪ್ರತಿ ಜಗುಲಿಯಲ್ಲೂ ಹನಮವ್ವನ ಕಥೆಯೇ.

ಆ ದಿನಗಳಲ್ಲೇ ಗೌರಕ್ಕ ಒಂದು ಸಂಗತಿ ಕಂಡುಹಿಡಿದಳು. "ಈ ಕೂಸಿಗೆ ಬಲಗಿವಿ ಕೇಳಲ್ಲ ಕಣೇ. ಯಾವ ಕಡೆಯಿಂದ ಕೂಗಿದ್ರೂ ಎಡಕ್ಕೇ ತಿರುಗ್ತಾಳೆ." ಹೌದಾಗಿತ್ತು. ಅಷ್ಟು ದಿನ ಅವಳು ಮೌನಿ ಎಂದುಕೊಂಡಿದ್ದೆವು. ಎಡಗಡೆ ಕೂತು ಮಾತಾಡಿಸಿದರೆ ಪಟಪಟ ಉತ್ತರ ಕೊಡುತ್ತಿದ್ದಳು. ಇದನ್ನು ನಾವು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವ ಸಂದರ್ಭ ಬರಲಿಲ್ಲ.

ಒಂದು ಸಂಜೆ ಶಾಲೆ ಬಿಟ್ಟು ಮನೆಗೆ ಬಂದರೆ ಜಗುಲಿಯ ಮೇಲೆ ಸಿದ್ದಪ್ಪ ಕೂತಿದ್ದ. ಒದ್ದೆ ಛತ್ರಿಯನ್ನು ಬಿಡಿಸಿ ಒಣಗಲು ಇಟ್ಟಿದ್ದ. ನನ್ನನ್ನು ಕಂಡು ಎದ್ದು ಕೈ ಮುಗಿದ.

"ಚೆನ್ನಾಗಿದೀರಾ ಟೀಚರಮ್ಮ? ಹೆಣ್ಣುಮಗ ಸಿಕ್ತು ಅಂತ ಕೇಳ್ದೆ. ನಮ್ಗೆ ಬೇಕಾದವರ ಮಗು ತಾಯಿ. ಅವರಿಗೆ ತಲುಪಿಸಾನ ಅಂತ ಬಂದೆ."

ಒಮ್ಮೆ ನಂಬಿದವಳು ಇನ್ನೊಮ್ಮೆಯೂ ನಂಬುತ್ತಾಳೆ ಎಂದುಕೊಂಡಿರಬೇಕು. "ಮಂಜ ಹೇಗಿದಾನೆ?" ಎಂದೆ.

"ಇಸ್ಕೂಲಿಗೆ ಹೋಗ್ತಾವ್ನೆ. ನಿಮ್ಮನ್ನೇ ನೆನೆಸ್ಕೊತಾನೆ."

"ಕಾಗದ ವಾಪಸ್ ಬಂತಲ್ಲ?"

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. "ಮನೆ ಬಿಟ್ವಿ ತಾಯಿ. ಈಗ ಚೌಳಹಿರಿಯೂರಲ್ಲಿದೀವಿ."

ಅಷ್ಟರಲ್ಲಿ ಗೌರಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಈರುಳ್ಳಿ ತಾಳು ಕೊಯ್ಯುವ ಕುಡುಗೋಲಿತ್ತು. ಹೊಸ್ತಿಲ ಮೇಲೆ ನಿಂತಳು. ಸಿದ್ದಪ್ಪ ಅವಳನ್ನು ನೋಡಿದ, ಅವಳ ಹಿಂದಿನ ಕತ್ತಲನ್ನೂ ನೋಡಿದ. ನಿಧಾನವಾಗಿ ಛತ್ರಿ ಮಡಚಿ, "ಇನ್ನೊಂದಿನ ಬತ್ತೀನಿ. ಮಗು ಜೋಪಾನ ತಾಯಿ. ಕಾಲ ಸರಿಯಿಲ್ಲ" ಎಂದು ಹೊರಟ.

ನಾನು ಠಾಣೆಗೆ ಓಡಿದೆ. ಹೆಡ್ ಕಾನ್‌ಸ್ಟೇಬಲ್ ನನ್ನ ಜೊತೆ ಬಂದು ಸ್ಟೇಷನ್ನು, ಬಸ್ ಸ್ಟ್ಯಾಂಡು ಎಲ್ಲ ನೋಡಿದರು. ಅವನಿರಲಿಲ್ಲ. ಎರಡು ದಿನ ಬಿಟ್ಟು ಪಾಠ ಮಾಡುತ್ತಿದ್ದಾಗ ಕಿಟಕಿಯಿಂದ ನೋಡಿದೆ. ಶಾಲೆಯ ಎದುರಿನ ಮೋರಿಯ ಮೇಲೆ ಛತ್ರಿ ಹಿಡಿದು ಕೂತಿದ್ದ. ಸುಮ್ಮನೆ ಕೂತಿದ್ದ, ಅಷ್ಟೇ. ಜವಾನನನ್ನು ಠಾಣೆಗೆ ಕಳಿಸಿದೆ. ಪೊಲೀಸರು ಬರುವಷ್ಟರಲ್ಲಿ ಮೋರಿ ಖಾಲಿ. ಅಂದಿನಿಂದ ಹನಮವ್ವನನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಬೆಳಿಗ್ಗೆ ನನ್ನ ತರಗತಿಯ ಮೂಲೆಯಲ್ಲಿ, ಸಂಜೆ ಗೌರಕ್ಕನ ಮಡಿಲಲ್ಲಿ. ಮಳೆ ಸುರಿಯುತ್ತಲೇ ಇತ್ತು. ಎರಡು ಸಂಗಾಪುರಗಳಿಂದ ಉತ್ತರ ಬಂತು. ಮಗು ಕಳೆದುಕೊಂಡವರು ಅಲ್ಲಿ ಯಾರೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೆಡ್ ಮೇಷ್ಟ್ರು ಸಂಭ್ರಮದಿಂದ ಬಂದರು. ಜೊತೆಗೆ ಒಬ್ಬ ಹೆಂಗಸು. ಬಡಗಣ ಸೀಮೆಯ ಸೀರೆ, ಕೆದರಿದ ತಲೆ, ಅತ್ತು ಅತ್ತು ಊದಿದ ಕಣ್ಣು. ಹನಮವ್ವನನ್ನು ಕಂಡದ್ದೇ ತಡ, "ನನ್ನ ಕೂಸ! ನನ್ನವ್ವಾ!" ಎಂದು ಓಡಿ ಬಂದು ಅಪ್ಪಿಕೊಂಡಳು. ಜಗುಲಿಯಲ್ಲಿ ತಾಳು ಕೊಯ್ಯುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಕೆಲವರು ಕಣ್ಣೊರೆಸಿಕೊಂಡರು.

ಅವಳು ಎಲ್ಲವನ್ನೂ ಸರಿಯಾಗಿ ಹೇಳಿದಳು. ಸಂಗಾಪುರ, ಹರಗೋಲು, ಹರಿಹರ, ನೀರಿಗೆ ಇಳಿದದ್ದು, ಗಾಡಿ ಹೊರಟದ್ದು. ಹನಮವ್ವ ಮಾತ್ರ ಅಳಲಿಲ್ಲ, ಓಡಲಿಲ್ಲ. ಕೈ ಇಳಿಬಿಟ್ಟು ನಿಂತಿದ್ದಳು. ಆ ನಿಲುವನ್ನು ನಾನು ಹಿಂದೆ ನೋಡಿದ್ದೆ.

ಮಗುವಿನ ಕೈ ಹಿಡಿದುಕೊಂಡು, "ಮಗೂನ ಈಗ್ಲೇ ಕಳಿಸೋಕಾಗಲ್ಲ" ಎಂದೆ.

ಹೆಡ್ ಮೇಷ್ಟ್ರ ಮುಖ ಬಿಗಿಯಿತು. "ಸುಲೋಚನಾ, ಏನಮ್ಮ ಇದು? ಹೆತ್ತ ತಾಯಿ ಬಂದು ಅಳ್ತಾ ನಿಂತಿದಾಳೆ."

"ಆವಯ್ಯ ಬಂದಾಗ ಹುಡುಗನ್ನ ತಟ್ಟಂತ ಕೊಟ್ರಿ, ತಾಯಿ ಬಂದ್ರೆ ಕೊಡಲ್ಲ ಅಂತೀರಲ್ರೀ" ಎಂದು ಯಾರೋ ಕೂಗಿದರು. ಗುಂಪು ಹತ್ತಿರ ಬಂತು. ಒಬ್ಬಳು ನನ್ನ ಕೈಯಿಂದ ಮಗುವನ್ನು ಬಿಡಿಸಲೂ ನೋಡಿದಳು. ನನಗೆ ಆಧಾರವೇನೂ ಇರಲಿಲ್ಲ. ಇದ್ದದ್ದು ಭಯ ಒಂದೇ.

ಆ ಹೆಂಗಸು ಕುಕ್ಕರುಗಾಲಲ್ಲಿ ಕೂತು, ಮಗುವನ್ನು ತಬ್ಬಿ, ಅಳುತ್ತಲೇ ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮತ್ತೆ ಪಿಸುಗುಟ್ಟಿದಳು. ಹನಮವ್ವ ಕದಲಲಿಲ್ಲ. ಮೂರನೆಯ ಸಲ ಅವಳ ಬೆರಳು ಮಗುವಿನ ತೋಳನ್ನು ಹಿಂಡಿದ್ದು ಕಾಣಿಸಿತು. ಅವಳು ಪಿಸುಗುಟ್ಟುತ್ತಿದ್ದುದು ಬಲಗಿವಿಯಲ್ಲಿ.

ಗೌರಕ್ಕ ನನಗಿಂತ ಮೊದಲೇ ನೋಡಿದ್ದಳು. ಮುಂದೆ ಬಂದು ಮೆಲ್ಲಗೆ ಕೇಳಿದಳು: "ಏನವ್ವಾ, ನಿನ್ ಮಗಳಿಗೆ ಕಿವಿ ನೆಟ್ಟಗೆ ಕೇಳ್ತದಾ?"

"ಚಲೋ ಕೇಳ್ತೈತ್ರಿ. ಅಂಜ್ಯಾಳ, ಅದಕ್ಕ ಮಾತಾಡವಲ್ಲಳು."

"ಎರಡು ಕಿವೀನೂ?"

"ಹೂಂ ರೀ..."

ಗೌರಕ್ಕ ಮಗುವಿನ ಬಲಗಡೆಗೆ ಹೋಗಿ, ಕಿವಿಯ ಹತ್ತಿರ ಬಾಯಿಟ್ಟು ಮೆಲುದನಿಯಲ್ಲಿ ಹೆಸರು ಕರೆದಳು. ಮಗು ಕದಲಲಿಲ್ಲ. ಎಡಗಡೆಗೆ ಬಂದು ಅಷ್ಟೇ ಮೆಲ್ಲಗೆ ಕರೆದಳು. ಹನಮವ್ವ ತಿರುಗಿ ಅವಳ ಕೊರಳಿಗೆ ಜೋತುಬಿದ್ದಳು. ಅಂಗಳದಲ್ಲಿ ಈರುಳ್ಳಿ ಸಿಪ್ಪೆಯ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

ಆ ಹೆಂಗಸು ಅಲ್ಲೇ ಕುಸಿದಳು. ಈಗ ಬಂದ ಅಳು ಬೇರೆಯದು, ಎದೆಯೊಳಗಿಂದ ಕಿತ್ತು ಬರುವಂಥದ್ದು. "ನನ್ನ ಮಗ ಆ ಛತ್ರಿಯವನ ಕೈಯಾಗ ಅದಾನ್ರಿ. ಈ ಹುಡುಗೀನ ತಂದುಕೊಡು, ನಿನ್ನ ಮಗನ್ನ ಬಿಡ್ತೀನಿ ಅಂದಾನ್ರಿ. ನಾ ಏನ ಮಾಡ್ಲಿ?"

ಅವಳ ಹೆಸರು ದುರ್ಗವ್ವ. ಹರಿಹರದ ಕಡೆಯಿಂದ ಕೂಲಿಗೆ ಬಂದವಳು. ತರೀಕೆರೆಯ ಆಚೆ, ಗುಡ್ಡದ ಮಗ್ಗುಲಲ್ಲಿ ಒಂದು ಮಂಡಕ್ಕಿ ಭಟ್ಟಿ ಇದೆ, ಒಳಗೆ ಮಕ್ಕಳನ್ನು ಇಟ್ಟಿದ್ದಾರೆ ಎಂದಳು. ಗಂಡುಮಕ್ಕಳು ಅಲ್ಲಿ. "ಹೆಣ್ಣಾದ್ರ?" ಎಂದೆ. "ಅವರನ್ನ ಗಾಡಿ ಹತ್ತಸ್ತಾರ್ರಿ. ಎಲ್ಲಿಗೋ ನನಗ ಗೊತ್ತಿಲ್ಲ" ಎಂದು ತಲೆ ತಗ್ಗಿಸಿದಳು. ಯಾರೋ ಬೀದಿಯ ತುದಿಯನ್ನು ತೋರಿಸಿದರು. ಛತ್ರಿ ಹಿಡಿದ ಒಬ್ಬ ಅಲ್ಲಿ ನಿಂತು ನೋಡುತ್ತಿದ್ದನಂತೆ. ನಾಲ್ಕು ಜನ ಓಡಿದರು. ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಪೊಲೀಸರ ವ್ಯಾನಿನಲ್ಲಿ ದುರ್ಗವ್ವನ ಜೊತೆ ನಾನೂ ಹೋದೆ. ತಗಡಿನ ಉದ್ದನೆಯ ಶೆಡ್ಡು. ಒಳಗೆ ಭತ್ತದ ಹೊಟ್ಟಿನ ಹೊಗೆ, ಕಾದ ಮರಳು, ಕಣ್ಣು ಬಿಡಲಾಗದ ಉರಿ. ಆರು ಹುಡುಗರು ಮಂಡಕ್ಕಿ ಜರಡಿ ಹಿಡಿಯುತ್ತಿದ್ದರು. ಹುಬ್ಬು ಸುಟ್ಟು, ಕಣ್ಣು ಕೆಂಡವಾಗಿ, ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ನಿಲ್ಲಿಸಬಹುದು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ದುರ್ಗವ್ವ ಒಬ್ಬ ಹುಡುಗನನ್ನು ಎಳೆದು ಎದೆಗೆ ಅಪ್ಪಿಕೊಂಡಳು. ನಾನು ಒಬ್ಬೊಬ್ಬನ ಮುಖ ಎತ್ತಿ ನೋಡಿದೆ. ಮತ್ತೆ ಮೊದಲಿನಿಂದ ನೋಡಿದೆ. ಮಂಜ ಇರಲಿಲ್ಲ. ಭಟ್ಟಿಯ ಮೇಸ್ತ್ರಿಯನ್ನು ಪೊಲೀಸರು ಹಿಡಿದರು. ಸಿದ್ದಪ್ಪ ಎಂದು ಹೇಳಿಕೊಂಡವನು ಅಂದೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ.

ಆ ವಾರದ ಕೊನೆಯಲ್ಲಿ ಪೋಸ್ಟ್ ಮಾಸ್ತರು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಮೂರನೆಯ ಸಂಗಾಪುರದಲ್ಲಿ ಕಾರ್ಡು ಸಿಕ್ಕಿತ್ತು. ಆದರೆ ಅವಳು ಊರಿನಲ್ಲಿರಲಿಲ್ಲ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಮಗಳನ್ನು ಹುಡುಕುತ್ತಾ ಹರಿಹರ, ದಾವಣಗೆರೆ, ಚಿಕ್ಕಜಾಜೂರು ಎಂದು ಅಲೆಯುತ್ತಿದ್ದಳು. ಗಂಡ ಅವಳನ್ನು ಹುಡುಕಿ ಹೇಳುವಷ್ಟರಲ್ಲಿ ಇಷ್ಟು ದಿನವಾಗಿತ್ತು. ನಾನು ಮನಸ್ಸಿನಲ್ಲಿ ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೂಗಲಿಲ್ಲ, ಅಳಲಿಲ್ಲ. ಜಗುಲಿಯಲ್ಲಿ ಬೆನ್ನು ತಿರುಗಿಸಿ ಆಡುತ್ತಿದ್ದ ಮಗುವನ್ನು ಸುತ್ತಿಬಳಸಿ ಎಡಗಡೆಗೆ ಬಂದು ಕೂತು, "ಹನಮೀ" ಎಂದಳು. ಅಷ್ಟೇ. ನಾನು ಒಳಗೆ ಹೋಗಿ ಅತ್ತೆ.

ಭಟ್ಟಿಯಿಂದ ಬಿಡಿಸಿದ ಉಳಿದ ಹುಡುಗರಲ್ಲಿ ಊರು ಹೇಳಬಲ್ಲವನು ಒಬ್ಬ, ಈರಣ್ಣ. ತಾಯಿ ತೀರಿಕೊಂಡ ಮೇಲೆ ಪಂಚನಹಳ್ಳಿಯ ಅಜ್ಜಿಯ ಮನೆಯಲ್ಲಿ ಬೆಳೆದವನು. ಕಡೂರಿನ ಸಂತೆಯಲ್ಲಿ ತಪ್ಪಿಸಿಕೊಂಡು ಸಿದ್ದಪ್ಪನ ಕೈಗೆ ಸಿಕ್ಕಿದ್ದ. ಅವನನ್ನು ತಲುಪಿಸಲು ಒಬ್ಬ ಕಾನ್‌ಸ್ಟೇಬಲ್ ಹೊರಟರು. ನಾನೂ ರಜೆ ಹಾಕಿ ಹೊರಟೆ. ಬಸ್ಸಿನಲ್ಲಿ ಅವನ ಪಕ್ಕ ಕೂತು, ಕೇಳಲೋ ಬೇಡವೋ ಎಂದು ಕಡೂರು ದಾಟುವವರೆಗೆ ಯೋಚಿಸಿ, ಕೊನೆಗೆ ಕೇಳಿದೆ.

"ಮಂಜನಾ? ಇದ್ದ" ಎಂದ ಈರಣ್ಣ. "ಅವನಿಗೆ ಹೊಗೆಗೆ ಕೆಮ್ಮು ಜಾಸ್ತಿ ಆಯ್ತು. ಜ್ವರಾನೂ ಬಂತು. ಏಳಕ್ಕೇ ಆಗ್ತಿರ್ಲಿಲ್ಲ. ಛತ್ರಿ ಮಾಮ ಬಂದು ಆಸ್ಪತ್ರೆಗೆ ಅಂತ ಎತ್ಕೊಂಡೋದ. ಆಮೇಲೆ ಬರ್ಲಿಲ್ಲ."

"ಯಾವಾಗ?"

"ಈರುಳ್ಳಿ ಲಾರಿ ಓಡಾಡಕ್ಕೆ ಶುರುವಾಯ್ತಲ್ಲ, ಅವಾಗ."

ಅಂದರೆ ಸಿದ್ದಪ್ಪ ನಮ್ಮ ಜಗುಲಿಯಲ್ಲಿ ಕೂತು, ಮಂಜ ಶಾಲೆಗೆ ಹೋಗುತ್ತಾನೆ ಎಂದು ಹೇಳುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಆಮೇಲೆ ತರೀಕೆರೆ, ಕಡೂರು, ಶಿವಮೊಗ್ಗದ ಆಸ್ಪತ್ರೆಗಳಲ್ಲೆಲ್ಲ ಕೇಳಿದೆ. ಅಂಥ ಹುಡುಗನನ್ನು ಯಾರೂ ಸೇರಿಸಿರಲಿಲ್ಲ.

ಪಂಚನಹಳ್ಳಿಯಲ್ಲಿ ಈರಣ್ಣನ ಅಜ್ಜಿ ಬಾಗಿಲಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದಳು. ನಮ್ಮನ್ನು ಕಂಡು ಎದ್ದಳು. ಹುಡುಗ ನನ್ನ ಕೈಯೆಳೆದ. ನಾನು ಬಿಡಲಿಲ್ಲ.

"ನಿಮ್ಮ ಹೆಸರೇನು? ಇವನಿಗೆ ನೀವೇನಾಗ್ಬೇಕು? ಇವನ ತಾಯಿ ಹೆಸರೇನು? ಯಾವಾಗ ತೀರ್ಕೊಂಡ್ರು?" ನನ್ನ ಧ್ವನಿ ನನಗೇ ಗಡುಸಾಗಿ ಕೇಳುತ್ತಿತ್ತು.

"ಯಾರೇ ನೀನು?" ಎಂದು ಅಜ್ಜಿ ಕಿರುಚಿದಳು. "ನಾ ಸಾಕಿದ ಮಗನ್ನ ನಂಗೆ ಕೊಡಕ್ಕೆ ನೀನ್ಯಾರೇ?"

"ಕೊಟ್ಬುಡಿ ಮೇಡಂ. ಹುಡುಗನೇ ಅಜ್ಜಿ ಅಂತಾವ್ನೆ. ಬಸ್ಸು ಹೋಯ್ತದೆ" ಎಂದರು ಕಾನ್‌ಸ್ಟೇಬಲ್.

ಕೊಡಬೇಕೆಂದು ನನಗೂ ಗೊತ್ತಿತ್ತು. ಬೆರಳುಗಳು ಬಿಡಲಿಲ್ಲ. ಬಾಯಿಂದ ಬೇರೆ ಮಾತೇ ಬಂತು. "ಅಜ್ಜಿ, ಹಿಂದೆ ಒಬ್ಬ ಹುಡುಗನ್ನ ಏನೂ ಕೇಳದೆ ಕೊಟ್ಬಿಟ್ಟೆ. ಆ ಮಗು ಈಗ ಇಲ್ಲ."

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಈರಣ್ಣನ ಸುಟ್ಟ ಹುಬ್ಬನ್ನು ನೋಡಿದಳು. ಆದರೂ ಕೈ ಚಾಚಲಿಲ್ಲ. ಸೆರಗು ಸರಿಪಡಿಸಿಕೊಂಡು ಹೊಸ್ತಿಲ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಕೇಳು ಮಗಾ" ಎಂದಳು. "ಎಷ್ಟ್ ಬೇಕಾದ್ರೂ ಕೇಳು. ನಾನೆಲ್ಲೂ ಹೋಗಲ್ಲ."

ನಾನು ಕೇಳಿದೆ. ಅವನು ಹುಟ್ಟಿದ ದಿನ ಮಳೆಯಿತ್ತೇ ಎಂದು ಕೇಳಿದೆ, ಮೊದಲು ಯಾವ ಹಲ್ಲು ಬಿತ್ತು ಎಂದು ಕೇಳಿದೆ, ನಿದ್ದೆಯಲ್ಲಿ ಯಾವ ಮಗ್ಗುಲಿಗೆ ತಿರುಗುತ್ತಾನೆ ಎಂದು ಕೇಳಿದೆ. ಬಸ್ಸು ಹೋಯಿತು. ಅಜ್ಜಿ ಒಂದಕ್ಕೂ ಬೇಸರಪಡದೆ ಉತ್ತರ ಹೇಳಿದಳು.